ಎರಿ ಹೊಲಕ್ಕೊಂದು ಡೀಸೆಲ್ ವ್ಯಾಗನ್: ರೇಟು ಕೇಳಿ, ಗಾಡಿಯ ಅಡಿಗೆ ಬಗ್ಗಿ ನೋಡಿ

ಕಾರ್ ನೋಡೋಕೆ ಹೋದವರು ಬಾನೆಟ್ ಎತ್ತುತ್ತಾರೆ, ಇಲ್ಲವೇ ಸ್ಟಿಯರಿಂಗ್ ಹಿಡಿದು ಕೂರುತ್ತಾರೆ. ನಾನು ಸೀದಾ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸುತ್ತೇನೆ. ಜೇಬಿನಲ್ಲಿ ಟೇಪ್ ಇರುತ್ತದೆ. ನೆಲದಿಂದ ಡಿಕ್ಕಿ ಅಂಚಿಗೆ ಎಷ್ಟು ಎತ್ತರ, ಸೀಟು ಮಡಚಿದರೆ ಒಳಗೆ ಎಷ್ಟು ಉದ್ದ ಅಂತ ಬರೆದುಕೊಳ್ಳುತ್ತೇನೆ. ಶೋರೂಮ್ ಹುಡುಗರಿಗೆ ಇದೆಲ್ಲ ತಮಾಷೆ. "ಸರ್, ಮೊದಲು ಸನ್‌ರೂಫ್ ನೋಡ್ರಿ" ಅಂತಾರೆ. ಸನ್‌ರೂಫಿನಿಂದ ಮೋಟಾರು ಇಳಿಸೋಕಾಗುತ್ತಾ?

ನನ್ನದು ದಾಲ್‌ಮಿಲ್ ಮಶೀನು ರಿಪೇರಿ ಕೆಲಸ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣದೊಂದು ಶೆಡ್ ಇದೆ. ತೊಗರಿ ಮಿಲ್ಲಿನ ರೋಲರು, ಎಲಿವೇಟರ್ ಬಕೆಟ್ಟು, ಜರಡಿ ಪ್ಲೇಟು, ತ್ರೀ ಫೇಸ್ ಮೋಟಾರು, ಹೀಗೆ ಏನು ಕೆಟ್ಟರೂ ಫೋನು ಬರುತ್ತದೆ. ಆಳಂದ, ಸೇಡಂ, ಹುಮನಾಬಾದ್ ಅಷ್ಟೇ ಅಲ್ಲ, ಗಡಿ ದಾಟಿ ತಾಂಡೂರು, ಉದಗೀರ, ಲಾತೂರಿಗೂ ಹೋಗುತ್ತೇನೆ. ಜರಡಿ ಪ್ಲೇಟು ಉದ್ದ ಇರುತ್ತದೆ, ಸೆಡಾನ್ ಡಿಕ್ಕಿಯಲ್ಲಿ ಮಲಗುವುದಿಲ್ಲ. ಐದು ಎಚ್‌ಪಿ ಮೋಟಾರನ್ನು ಒಬ್ಬನೇ ಎತ್ತಿ ಸೊಂಟದ ಮಟ್ಟದ ಎಸ್‌ಯುವಿ ಡಿಕ್ಕಿಗೆ ಹಾಕಬೇಕಾದರೆ ನಡು ನೆನಪಾಗುತ್ತದೆ. ಮಂಡಿ ಮಟ್ಟಕ್ಕೆ ಇದ್ದರೆ ಹಾಗೇ ಜಾರಿಸಿಬಿಡಬಹುದು. ಹಾಗಾಗಿ ನನಗೆ ಬೇಕಾದ್ದು ವ್ಯಾಗನ್. ಕಾರಿನಷ್ಟೇ ತಗ್ಗು, ಹಿಂದೆ ಮಾತ್ರ ಉದ್ದ.

ಬೊಲೆರೊ ಪಿಕಪ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಭಾನುವಾರ ಅವ್ವನ್ನ ಗಾಣಗಾಪುರಕ್ಕೆ ಪಿಕಪ್‌ನಲ್ಲಿ ಕರೆದುಕೊಂಡು ಹೋಗಿ ನೋಡಿ, ಗೊತ್ತಾಗುತ್ತೆ.

ಈಗ ಇರೋದು ಟಾಟಾ ಇಂಡಿಗೊ ಮರೀನಾ. 1.4 ಲೀಟರ್ ಡೀಸೆಲ್, ಕೆಎ 32 ನಂಬರು. ಈಗಿನ ಹುಡುಗರು ಅದನ್ನು ನೋಡಿ "ಇಂಡಿಕಾಗೆ ಬಾಲ ಬಂದೈತಲ್ರಿ" ಅಂತ ನಗುತ್ತಾರೆ. ನಗಲಿ. ಟಾಟಾ ಅದನ್ನು 2004ರಲ್ಲಿ ಬಿಟ್ಟಿತು, ಜನ ಹೆಚ್ಚು ತಗೊಳ್ಳಲಿಲ್ಲ. 1992ರ ಟಾಟಾ ಎಸ್ಟೇಟ್‌ಗೂ ಅದೇ ಗತಿ, ಮಾರುತಿ ಬಲೆನೊ ಆಲ್ಟುರಾಗೂ ಅದೇ, ಸ್ಕೋಡಾ ಆಕ್ಟೇವಿಯಾ ಕಾಂಬಿಗೂ ಹೆಚ್ಚುಕಮ್ಮಿ ಅದೇ. ನಮ್ಮ ದೇಶದಲ್ಲಿ ವ್ಯಾಗನ್ ನೋಡಿದವರಿಗೆ ಆಂಬುಲೆನ್ಸೋ ಶವದ ಗಾಡಿಯೋ ನೆನಪಾಗುತ್ತದೆ. ದುಡ್ಡು ಕೊಟ್ಟವರಿಗೆ ಗಾಡಿ ಎತ್ತರ ಇರಬೇಕು, ಕೆಳಗೆ ನಿಂತವರು ತಲೆ ಎತ್ತಿ ನೋಡಬೇಕು.

ಮರೀನಾ ಸಾಕಾಗದೇ ಇರೋದು ಆಳಂದ ತಾಲೂಕಿನ ನಮ್ಮ ಹೊಲದ ದಾರಿಗೆ. ಎರಿ ಭೂಮಿ, ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಅಂಟಾಗುತ್ತದೆ. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಊದಿಕೊಳ್ಳುತ್ತದೆ, ನೀರು ಬೇಗ ಕೆಳಗೆ ಬಿಡುವುದಿಲ್ಲ. ತೊಗರಿಗೆ ಅದೇ ವರ, ಟೈರಿಗೆ ಅದೇ ಶಾಪ. ಜೂನ್‌ನಲ್ಲಿ ಬಿತ್ತಿದಾಗಿನಿಂದ ಅಕ್ಟೋಬರ್ ತನಕ ಆ ದಾರಿಯಲ್ಲಿ ಮುಂದಿನ ಎರಡು ಗಾಲಿ ಎಳೆಯುವ ಕಾರು ತಿರುಗಿದಲ್ಲೇ ತಿರುಗುತ್ತದೆ. ಡಿಸೆಂಬರ್, ಜನವರಿಯ ರಾಶಿ ಹೊತ್ತಿಗೆ ಎಲ್ಲಾ ಒಣಗಿ ಗಟ್ಟಿಯಾಗಿರುತ್ತದೆ, ಆಗ ಮರೀನಾ ಆರಾಮಾಗಿ ಹೋಗುತ್ತದೆ. ಅಂದರೆ ನಾಲ್ಕೂ ಗಾಲಿಗೆ ಶಕ್ತಿ ಬೇಕಾಗೋದು ವರ್ಷದ ಒಂದು ಪಾಲಿಗೆ ಮಾತ್ರ. ಉಳಿದ ಹೊತ್ತು ಅದರ ಭಾರ ಹೊತ್ತುಕೊಂಡು, ಅದರ ಎಣ್ಣೆ ಬದಲಿಸಿಕೊಂಡು ಓಡಾಡಬೇಕು. ರೇಟು ಹೋಲಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಮ್ಮಿ.

ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಡೀಸೆಲ್ ವ್ಯಾಗನ್ ಅನ್ನೋದು ಮೂಲದಲ್ಲಿ ಯುರೋಪಿನ ರೈತರ, ಹಿಮದೂರಿನವರ ಗಾಡಿ. ಅಲ್ಲಿ ಪೈಪೋಟಿ ಜೋರಾಗಿತ್ತು. ಸುಬಾರು ಔಟ್‌ಬ್ಯಾಕ್‌ಗೆ 2.0 ಲೀಟರ್ ಡೀಸೆಲ್ ಬಂತು, 150 ಪಿಎಸ್ ಶಕ್ತಿ, 350 ಎನ್‌ಎಂ ಎಳೆತ. ಅದರ ಸಿಲಿಂಡರುಗಳು ನಿಂತಿರುವುದಿಲ್ಲ, ಎರಡೂ ಕಡೆ ಅಡ್ಡ ಮಲಗಿರುತ್ತವೆ. ಕಾರಿನಲ್ಲಿ ಡೀಸೆಲ್ ಎಂಜಿನನ್ನು ಹಾಗೆ ಮಾಡಿದ್ದು ಸುಬಾರುವೇ ಮೊದಲು. ಎದುರಿಗೆ ಫೋಕ್ಸ್‌ವ್ಯಾಗನ್ ಪಸಾಟ್ ಆಲ್‌ಟ್ರ್ಯಾಕ್, ಸ್ಕೋಡಾ ಆಕ್ಟೇವಿಯಾ ಸ್ಕೌಟ್, ದುಡ್ಡಿದ್ದವರಿಗೆ ಆಡಿ ಆಲ್‌ರೋಡ್, ವೋಲ್ವೊ ಕ್ರಾಸ್ ಕಂಟ್ರಿ. ಸ್ಕೌಟ್ ಕಮ್ಮಿ ದುಡ್ಡಿಗೆ ಜಾಸ್ತಿ ಡಿಕ್ಕಿ ಕೊಡುತ್ತಿತ್ತು. ಸುಬಾರುವಿನ ನಾಲ್ಕು ಗಾಲಿಗೂ ಸದಾ ಶಕ್ತಿ ಹೋಗುತ್ತಿತ್ತು. ಪಸಾಟ್, ಸ್ಕೌಟ್ ಎರಡೂ ಸಾಮಾನ್ಯವಾಗಿ ಮುಂದಿನ ಗಾಲಿಯಲ್ಲೇ ಓಡಿ, ಬೇಕಾದಾಗ ಹಿಂದಕ್ಕೆ ಕಳಿಸುತ್ತಿದ್ದವು. ಸ್ಕೌಟಿನ ಫೋಟೋ ನನ್ನ ಫೋನಿನಲ್ಲಿ ಬಹಳ ದಿನ ಇತ್ತು. ಆದರೆ ಫೋಟೋದಲ್ಲಿ ಮೋಟಾರು ಹಾಕೋಕಾಗಲ್ಲ.

ನಮ್ಮಲ್ಲಿಗೆ ಕಂಪನಿಯವರೇ ತಂದು ಮಾರಿದ ನಿಜವಾದ ಆಲ್ ವೀಲ್ ಡ್ರೈವ್ ಡೀಸೆಲ್ ವ್ಯಾಗನ್‌ಗಳಲ್ಲಿ ನಾನು ಲೆಕ್ಕಕ್ಕೆ ಹಿಡಿಯೋದು ಮೂರನ್ನೇ. ವೋಲ್ವೊ ವಿ60 ಕ್ರಾಸ್ ಕಂಟ್ರಿ 2016ರಲ್ಲಿ ಬಂತು, 38.9 ಲಕ್ಷ ಶೋರೂಮ್ ಬೆಲೆ. 2.4 ಲೀಟರ್, ಐದು ಸಿಲಿಂಡರ್, 190 ಪಿಎಸ್, ನೆಲದಿಂದ 201 ಎಂಎಂ ಎತ್ತರ. ಮರುವರ್ಷ ಅಣ್ಣ ವಿ90 ಕ್ರಾಸ್ ಕಂಟ್ರಿ, 60 ಲಕ್ಷ, 235 ಪಿಎಸ್, ಹಿಂದೆ ಗಾಳಿಯ ಸಸ್ಪೆನ್ಶನ್ನು. 2018ರಲ್ಲಿ ಮರ್ಸಿಡಿಸ್ ಇ 220ಡಿ ಆಲ್ ಟೆರೇನ್, 75 ಲಕ್ಷ, 194 ಪಿಎಸ್. 75 ಲಕ್ಷ ಕೊಟ್ಟು ಎರಿ ಕೆಸರಿಗೆ ಇಳಿಸುವವನು ಇದ್ದರೆ ನಾನು ಹೂವಿನ ಹಾರ ತಗೊಂಡು ಹೋಗುತ್ತೇನೆ.

ಈ ಮೂರರಲ್ಲಿ ನನ್ನ ಮನಸ್ಸು ಕದ್ದದ್ದು ವಿ60. ಹೈದರಾಬಾದಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ನೋಡಿದೆ. ಹೊಸದರ ಅರ್ಧಕ್ಕಿಂತ ಕಮ್ಮಿ ಹೇಳಿದರು. ಡಿಕ್ಕಿ ಅಂಚು ತೊಡೆ ಮಟ್ಟಕ್ಕೆ, ನೆಲ ಒಂದೇ ಸಮ, ಸೀಟು ಮಡಚಿದರೆ ಜರಡಿ ಪ್ಲೇಟು ಓರೆಯಾಗಿ ಇಡುವ ಗೋಜೇ ಇಲ್ಲ. ಐದು ಸಿಲಿಂಡರಿನ ಸದ್ದು ಬೇರೆ ತರಹ, ಗುರುಗುಟ್ಟುತ್ತದೆ ಆದರೆ ಒರಟಲ್ಲ. ಮಾರುವವನು ಬಹಳ ಚೆಂದ ಮಾತಾಡಿದ. ಸರ್ವಿಸ್ ಪುಸ್ತಕ ಕೇಳಿದಾಗ ಮಾತ್ರ ಚಹಾ ತರಿಸಿದ. ಪುಸ್ತಕ ಬರಲಿಲ್ಲ, ಚಹಾ ಬಂತು.

ಪುಸ್ತಕ ಬಂದಿದ್ದರೂ ಅನುಮಾನವೇ ಇತ್ತು. ವೋಲ್ವೊ ವರ್ಕ್‌ಶಾಪಿಗೆ ನನಗೆ ಹತ್ತಿರ ಅಂದರೆ ಹೈದರಾಬಾದು, ಕಲಬುರಗಿಯಿಂದ 200 ಕಿಲೋಮೀಟರ್ ಮೇಲೆ. ಹುಮನಾಬಾದಿಗೆ ಹೋಗಿ 65ನೇ ಹೆದ್ದಾರಿ ಹಿಡಿಯಬೇಕು. ಒಂದು ಸೆನ್ಸರ್ ಲೈಟು ಹತ್ತಿದರೂ ಒಂದು ದಿನದ ಕೆಲಸ ಹೋಯ್ತು. ಮೇಲಾಗಿ ವೋಲ್ವೊ ಡೀಸೆಲ್ಲಿಗೆ ಕೈ ಮುಗಿದಿದೆ. ಬೆಲ್ಜಿಯಮ್ಮಿನ ಗೆಂಟ್ ಕಾರ್ಖಾನೆಯಲ್ಲಿ 2024ರ ಆರಂಭದಲ್ಲಿ ಕೊನೆಯ ಡೀಸೆಲ್ ಕಾರು ಹೊರಬಂತು, ಅದೂ ಒಂದು ವಿ60. ಇನ್ನು ಮೇಲೆ ಪಾರ್ಟ್ಸ್ ಅಗ್ಗವಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಹಾಗಾಗಿ ಇಲ್ಲಿ ವ್ಯಾಗನ್ನಿನ ಎದುರಾಳಿ ಇನ್ನೊಂದು ವ್ಯಾಗನ್ ಅಲ್ಲ. ವ್ಯಾಗನ್ ಕೆಲಸ ಮಾಡಬಲ್ಲ, ಡೀಸೆಲ್ ಇರುವ, ನಾಲ್ಕೂ ಗಾಲಿ ಎಳೆಯುವ ಯಾವುದೇ ಗಾಡಿ. ಅಂಥವು ಒಂದು ಕಾಲದಲ್ಲಿ ನಮ್ಮಲ್ಲಿ ಬೇಕಾದಷ್ಟಿದ್ದವು. 2010ರ ಟಾಟಾ ಆರಿಯಾ, ಅದೇ ವರ್ಷದ ಸ್ಕೋಡಾ ಯೇತಿ, 2011ರ ಮಹೀಂದ್ರ ಎಕ್ಸ್‌ಯುವಿ500, 2014ರ ರೆನೋ ಡಸ್ಟರ್, 2017ರ ಜೀಪ್ ಕಂಪಾಸ್, ಟಾಟಾ ಹೆಕ್ಸಾ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಡಸ್ಟರ್ ಡೀಸೆಲ್ಲೂ ಹೆಕ್ಸಾನೂ ಹೋದವು. ಹೊಸದಾಗಿ ಬೇಕೆಂದರೆ ಪಟ್ಟಿ ಬಹಳ ಗಿಡ್ಡ.

ಹೊಸದರ ಕಥೆ ಬೇಗ ಮುಗಿಸಿಬಿಡುತ್ತೇನೆ. ಎಕ್ಸ್‌ಯುವಿ700ನಲ್ಲಿ ಆಲ್ ವೀಲ್ ಡ್ರೈವ್ ಬೇಕಾದರೆ ಮೇಲಿನ ಎಎಕ್ಸ್7, ಅದೂ ಡೀಸೆಲ್ ಆಟೊಮ್ಯಾಟಿಕ್ಕೇ ಆಗಬೇಕಿತ್ತು. 185 ಪಿಎಸ್, 450 ಎನ್‌ಎಂ, ಓಡೋದರಲ್ಲಿ ಮಾತಿಲ್ಲ. ಆದರೆ ನಾನು ಕೇಳಿದಾಗ ಶೋರೂಮ್ ಬೆಲೆಯೇ 20 ಲಕ್ಷದ ಮೇಲೆ ಇತ್ತು. ಜೀಪ್ ಮೆರಿಡಿಯನ್ ಇನ್ನೂ ಮೇಲೆ. ಸ್ಕಾರ್ಪಿಯೊ ಎನ್ ಫೋರ್ ಬೈ ಫೋರ್ ಗಟ್ಟಿ ಗಾಡಿ, ನಿಧಾನಕ್ಕೆ ಜೋರಾಗಿ ಎಳೆಯುವ ಲೋ ಗೇರೂ ಇದೆ, ಆದರೆ ಅದರ ಡಿಕ್ಕಿ ಅಂಚು ನನ್ನ ಎದೆಗೆ ಹತ್ತಿರ. ಹ್ಯಾರಿಯರ್, ಸಫಾರಿ ಲ್ಯಾಂಡ್ ರೋವರ್ ಅಡಿಪಾಯದಿಂದ ಬಂದವು ಅಂತ ಜನ ಎದೆ ಉಬ್ಬಿಸಿ ಹೇಳುತ್ತಾರೆ, ಡೀಸೆಲ್‌ನಲ್ಲಿ ಮಾತ್ರ ಮುಂದಿನ ಎರಡೇ ಗಾಲಿ. ನಾಲ್ಕು ಗಾಲಿ ಬೇಕಾದರೆ 2025ರಲ್ಲಿ ಬಂದ ಹ್ಯಾರಿಯರ್ ಇವಿಗೆ ಹೋಗಬೇಕು. ನಮ್ಮ ಹೊಲದಲ್ಲಿ ಪಂಪ್‌ಸೆಟ್ಟಿಗೇ ಕರೆಂಟು ರಾತ್ರಿ ಬರುತ್ತದೆ.

ಇದರ ಮೇಲೆ ತೆರಿಗೆ. ಕರ್ನಾಟಕದಲ್ಲಿ ಕಾರಿನ ಬೆಲೆ ಐದು ಲಕ್ಷದೊಳಗಿದ್ದರೆ ಜೀವಾವಧಿ ತೆರಿಗೆ ಶೇ. 13, ಹತ್ತರವರೆಗೆ 14, ಇಪ್ಪತ್ತರವರೆಗೆ 17, ಅದಕ್ಕೂ ಮೇಲೆ 18. ತೆರಿಗೆಯ ಮೇಲೆ ಸೆಸ್ಸು ಬೇರೆ. 21 ಲಕ್ಷದ ಗಾಡಿ ಅಂದರೆ ಆರ್‌ಟಿಒಗೇ ನಾಲ್ಕು ಲಕ್ಷ ದಾಟುತ್ತದೆ. ಆ ನಾಲ್ಕು ಲಕ್ಷಕ್ಕೆ ಒಂದು ಹಳೆಯ ಆಲ್ ವೀಲ್ ಡ್ರೈವ್ ಗಾಡಿಯೇ ಬರುತ್ತದಲ್ವಾ? 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಎಸ್‌ಯುವಿಗಳ ಜಿಎಸ್‌ಟಿ, ಸೆಸ್ ಎರಡೂ ಸೇರಿ 50 ಇದ್ದದ್ದು 40ಕ್ಕೆ ಇಳಿಯಿತು ಅಂತ ಎಲ್ಲರೂ ಖುಷಿ ಪಟ್ಟರು. ನಿಜ, ಇಳಿಯಿತು. ನನ್ನ ಬಜೆಟ್ಟಿಗೆ ಮುಟ್ಟುವಷ್ಟಲ್ಲ.

ಸರಿ, ಸೆಕೆಂಡ್ ಹ್ಯಾಂಡ್. ಇಲ್ಲಿ ನಿಜವಾದ ಪೈಪೋಟಿ.

ಹೆಕ್ಸಾ ಎಕ್ಸ್‌ಟಿ ಫೋರ್ ಬೈ ಫೋರ್. 2017ರ ಜನವರಿಯಲ್ಲಿ ಬಂದಾಗ 17.49 ಲಕ್ಷ. 156 ಪಿಎಸ್, 400 ಎನ್‌ಎಂ, ಮ್ಯಾನುಯಲ್ ಗೇರು ಮಾತ್ರ. ಒಳಗೆ ಕೂತರೆ ದೀವಾನಖಾನೆ. ಹೊಂಡ ಬಿದ್ದ ರೋಡಿನಲ್ಲಿ ಇದರಷ್ಟು ಹಿತ ಈ ದುಡ್ಡಿಗೆ ಬೇರೆ ಯಾವುದೂ ಕೊಡಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಆದರೆ ತೂಕ ಎರಡು ಟನ್ ದಾಟುತ್ತದೆ. ಡಾಂಬರಿನಲ್ಲಿ ಈ ತೂಕ ಒಳ್ಳೆಯದು, ಎರಿಯಲ್ಲಿ ಅಲ್ಲ. ಪರಿಚಯದ ಅಡತಿ ಅಂಗಡಿಯವರ ಹೆಕ್ಸಾ ಒಂದು ಮಳೆಗಾಲದಲ್ಲಿ ಒಡ್ಡಿನ ಪಕ್ಕ ಕೂತುಬಿಟ್ಟಿತು. ನಾಲ್ಕೂ ಗಾಲಿ ತಿರುಗುತ್ತಿದ್ದವು, ಗಾಡಿ ಮಾತ್ರ ಇಂಚಿಂಚೇ ಕೆಳಗೆ ಹೋಗುತ್ತಿತ್ತು. ಟ್ರ್ಯಾಕ್ಟರ್ ಬಂದು ಎಳೆಯಿತು. ಟ್ರ್ಯಾಕ್ಟರಿನವನು ದುಡ್ಡು ತಗೊಳ್ಳಲಿಲ್ಲ, "ಇಷ್ಟು ದೊಡ್ಡ ಗಾಡಿ ಎಳದೀನಿ ಅಂತ ಹೇಳ್ಕೊಳ್ಳಾಕ ಸಾಕ್ರಿ" ಅಂದ.

ಕಂಪಾಸ್ ಫೋರ್ ಬೈ ಫೋರ್ ಪುಣೆ ಹತ್ತಿರದ ರಂಜನಗಾಂವ್‌ನಲ್ಲೇ ತಯಾರಾಗುತ್ತದೆ. 2017ರಲ್ಲಿ 20.65 ಲಕ್ಷ ಇತ್ತು. 173 ಪಿಎಸ್, 350 ಎನ್‌ಎಂ. ಹ್ಯಾರಿಯರ್‌ನಲ್ಲಿರೋದೂ ಇದೇ ಫಿಯಟ್ ಮನೆತನದ ಎಂಜಿನ್ನೇ. ಹೆದ್ದಾರಿಯಲ್ಲಿ ನೆಲಕ್ಕೆ ಕಚ್ಚಿಕೊಂಡು ಹೋಗುತ್ತದೆ, ಬಾಗಿಲು ಹಾಕಿದರೆ ತಿಜೋರಿ ಸದ್ದು. ಆದರೆ ನೆಲದಿಂದ ಎತ್ತರ 178 ಎಂಎಂ, ಡಿಕ್ಕಿಯೂ ಚಿಕ್ಕದು. ಟೇಪ್ ಹಿಡಿದ ಮೇಲೆ ಮುಂದೆ ಮಾತಾಡಲಿಲ್ಲ.

ಯೇತಿ ಬಗ್ಗೆ ಒಂದು ಮಾತು. 2.0 ಡೀಸೆಲ್, 140 ಪಿಎಸ್, ಹಿಂದಿನ ಸೀಟು ಮೂರನ್ನೂ ಬೇರೆ ಬೇರೆಯಾಗಿ ಮಡಚಬಹುದು, ಬೇಕಾದರೆ ಕಿತ್ತು ಮನೆಯಲ್ಲೇ ಇಡಬಹುದು. ನನ್ನಂಥವನಿಗೇ ಮಾಡಿದ ಹಾಗಿದೆ. ಆದರೆ ಈಗ ಸಿಗೋದು ಹದಿನಾಲ್ಕು, ಹದಿನೈದು ವರ್ಷದ ಮುದುಕ ಗಾಡಿಗಳು. ಕಲಬುರಗಿಯಲ್ಲಿ ಇದರ ಹಿಂದಿನ ಗಾಲಿಗೆ ಶಕ್ತಿ ಜೋಡಿಸುವ ಕಪ್ಲಿಂಗ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ನನಗೆ ಸಿಗಲಿಲ್ಲ.

ಉಳಿದದ್ದು ಎರಡು. ಡಸ್ಟರ್, ಎಕ್ಸ್‌ಯುವಿ500.

ಡಸ್ಟರ್ ಆಲ್ ವೀಲ್ ಡ್ರೈವ್ 2014ರ ಅಕ್ಟೋಬರ್‌ನಲ್ಲಿ ಬಂತು, ಬೆಲೆ 11.89 ಲಕ್ಷದಿಂದ ಶುರು. 1.5 ಲೀಟರ್, 110 ಪಿಎಸ್, ಆರು ಗೇರು. ತೂಕ ಹೆಕ್ಸಾದ ಹತ್ತಿರಕ್ಕೂ ಬರಲ್ಲ, ನೆಲದಿಂದ 210 ಎಂಎಂ. ಎರಡು ಗಾಲಿಯ ಡಸ್ಟರಿಗೂ ಇದಕ್ಕೂ ಅಡಿಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಇದರ ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಸಸ್ಪೆನ್ಶನ್ನು, ನಡುವೆ ಎರಡೂ ಗಾಲಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲು. ಅದಕ್ಕಾಗಿ ಡಿಕ್ಕಿ 475 ಲೀಟರ್ ಇದ್ದದ್ದು 410ಕ್ಕೆ ಇಳಿಯಿತು. ಸ್ಟೆಪ್ನಿಯೂ ಕೆಳಗಿನಿಂದ ಡಿಕ್ಕಿಯೊಳಗೆ ಬಂತು. ನನ್ನ ಲೆಕ್ಕದಲ್ಲಿ ಇದು ನಷ್ಟ. ಆದರೆ ಸೀಟು ಮಡಚಿದರೆ ಪ್ಲೇಟು ಹೋಗುತ್ತದೆ, ಅಂಚಿನ ಎತ್ತರವೂ ತಡೆದುಕೊಳ್ಳುವಷ್ಟಿದೆ.

ಇದನ್ನು ಎರಿಯಲ್ಲೇ ಓಡಿಸಿ ನೋಡಿದ್ದೇನೆ. ಸೇಡಂ ಕಡೆಯ ಗೆಳೆಯನೊಬ್ಬನದು. ಸೆಪ್ಟೆಂಬರ್, ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಗೇರಿನ ಹತ್ತಿರ ತಿರುಗಿಸುವ ಗುಂಡಿ ಇದೆ: ಎರಡು ಗಾಲಿ, ಆಟೊ, ಲಾಕ್. ಮೊದಲು ಆಟೊದಲ್ಲಿ ಬಿಟ್ಟೆ. ಮುಂದಿನ ಗಾಲಿ ಜಾರಿದ ಮೇಲೆ ಹಿಂದಿನದಕ್ಕೆ ಶಕ್ತಿ ಹೋಗುತ್ತದೆ, ಆ ಅರೆಗಳಿಗೆಯಲ್ಲೇ ಮೂತಿ ಒಂದು ಕಡೆಗೆ ಸರಿದುಬಿಡುತ್ತದೆ. ಲಾಕ್‌ಗೆ ಹಾಕಿದ ಮೇಲೆ ಬೇರೆಯೇ ಗಾಡಿ. ಕರೆಂಟಿನ ಅಯಸ್ಕಾಂತದಿಂದ ಒಳಗಿನ ಕ್ಲಚ್ ಪ್ಲೇಟು ಒತ್ತಿ, ಮುಂದೆ ಹಿಂದೆ ಒಂದೇ ಸಮ ತಿರುಗುತ್ತವೆ. ಇದರಲ್ಲಿ ಲೋ ಗೇರ್ ಇಲ್ಲ, ಬದಲಿಗೆ ಮೊದಲ ಗೇರನ್ನೇ ಬಹಳ ಗಿಡ್ಡ ಮಾಡಿದ್ದಾರೆ. ಆಳು ನಡೆದಷ್ಟು ನಿಧಾನಕ್ಕೆ ಆಕ್ಸಿಲರೇಟರ್ ಮುಟ್ಟದೆ ಹೋಗುತ್ತದೆ. ಊರೊಳಗೆ ಎಲ್ಲರೂ ಎರಡನೇ ಗೇರಿನಲ್ಲೇ ಹೊರಡೋದು.

ಸುಮಾರು ದೂರ ಹೋದೆವು. ಆಮೇಲೆ ಎರಿ ತನ್ನ ಆಟ ಶುರು ಮಾಡಿತು. ಟೈರಿನ ಗೆರೆಗಳೆಲ್ಲ ತುಂಬಿ ನುಣ್ಣಗಾದವು, ಗಾಲಿ ದಪ್ಪಗಾಗುತ್ತಾ ಹೋಗಿ ಮಡ್‌ಗಾರ್ಡಿನ ಒಳಗೆ ಉಜ್ಜುವ ಸದ್ದು ಬಂತು. ಇಳಿದು ಕುರ್ಪಿಯಿಂದ ಕೆರೆದೆವು. ಕೆರೆದ ಮಣ್ಣು ಕುರ್ಪಿಗೇ ಅಂಟಿತು, ಅದನ್ನು ಬೆರಳಿನಿಂದ ತೆಗೆದರೆ ಬೆರಳಿಗೆ. ಎಂಜಿನ್ ಶಕ್ತಿ ಎಷ್ಟಿದ್ದರೇನು, ಆ ಹೊತ್ತಿಗೆ ಲೆಕ್ಕಕ್ಕೆ ಬರೋದು ಟೈರು ಮತ್ತು ತೂಕ ಎರಡೇ. ಹಗುರ ಇದ್ದದ್ದಕ್ಕೆ ಹಿಂದೆ ಮುಂದೆ ಆಡಿಸಿ ಹೊರಗೆ ಬಂತು. ಹೆಕ್ಸಾ ಕೂತ ಜಾಗವೂ ಇಂಥದ್ದೇ ಮಣ್ಣು.

ನೀರಿನ ವಿಷಯ ಮಾತ್ರ ಬೇರೆ. ಮಳಖೇಡದ ಹತ್ತಿರ ಕಾಗಿಣಾ ತುಂಬಿ ಸೇತುವೆ ಮುಳುಗಿದಾಗ "ನಂದು ಫೋರ್ ಬೈ ಫೋರ್" ಅಂತ ಇಳಿಸುವ ಶೂರರಿದ್ದಾರೆ. ಹರಿಯುವ ನೀರಿಗೆ ಎಷ್ಟು ಗಾಲಿಗೆ ಶಕ್ತಿ ಹೋಗುತ್ತೆ ಅನ್ನೋದು ಗೊತ್ತಾಗಲ್ಲ. ಗಾಡಿ ತೇಲಿದ ಮೇಲೆ ನಾಲ್ಕೂ ಗಾಲಿ ಗಾಳಿಯಲ್ಲೇ.

ಎಕ್ಸ್‌ಯುವಿ500 ಇನ್ನೊಂದು ಸ್ವಭಾವದ್ದು. 2011ರಲ್ಲಿ ಆಲ್ ವೀಲ್ ಡ್ರೈವ್ ಡಬ್ಲ್ಯು8 12.88 ಲಕ್ಷಕ್ಕೆ ಬಂದಾಗ ಜನ ನಂಬಲಿಲ್ಲ. 2.2 ಲೀಟರ್, 140 ಪಿಎಸ್, 330 ಎನ್‌ಎಂ. ಡಸ್ಟರಿಗಿಂತ ಉದ್ದ, ಅಗಲ, ಮೂರನೇ ಸಾಲು ಮಡಚಿದರೆ ಹಿಂದೆ ಒಳ್ಳೆಯ ಜಾಗ. ಇದರ ದೊಡ್ಡ ಗುಣ ಬೇರೆ: ಎಂಜಿನ್ ಬಲ್ಲ ಕೈಗಳು ಜೇವರ್ಗಿ ರೋಡಿನಲ್ಲೂ ಸಿಗುತ್ತವೆ, ಬೀದರಿನಲ್ಲೂ ಸಿಗುತ್ತವೆ. ಡಸ್ಟರ್ ಎಂಜಿನ್ನಿಗೂ ಪಾರ್ಟ್ಸಿನ ಪರದಾಟ ಇಲ್ಲ, ಯಾಕೆಂದರೆ ಅದೇ 1.5 ಡೀಸೆಲ್ ನಿಸಾನ್ ಟೆರಾನೊ, ಸನ್ನಿಗಳಲ್ಲೂ ಇತ್ತು. ಟೈಮಿಂಗ್ ಬೆಲ್ಟು ಹೊತ್ತಿಗೆ ಸರಿಯಾಗಿ ಬದಲಿಸಿರಬೇಕು ಅಷ್ಟೇ. ಪರದಾಟ ಇರೋದು ಹಿಂದಿನ ಕಪ್ಲಿಂಗಿಗೆ, ಅದು ಎರಡರಲ್ಲೂ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಹಳೆಯ ಆಲ್ ವೀಲ್ ಡ್ರೈವ್ ನೋಡೋಕೆ ಹೋಗುವವರು ಮರೆಯಬೇಡಿ. ಟೈರು ನಾಲ್ಕೂ ಒಂದೇ ಕಂಪನಿ, ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು. ಮುಂದಿನ ಎರಡು ಹೊಸದು, ಹಿಂದಿನ ಎರಡು ಬೋಳು ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. ಗಾಡಿ ನೇರ ಹೋಗುತ್ತಿದ್ದರೂ ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವಿನ ಕ್ಲಚ್ಚು ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ದಾಲ್‌ಮಿಲ್ಲಿನಲ್ಲಿ ಒಂದೇ ಶಾಫ್ಟಿಗೆ ಎರಡು ಅಳತೆಯ ಪುಲ್ಲಿ ಹಾಕಿದರೆ ಬೆಲ್ಟಿಗೆ ಏನಾಗುತ್ತೋ ಅದೇ. ನಮ್ಮ ಕಡೆ ಪಂಕ್ಚರ್ ಆದರೆ ಒಂದೇ ಟೈರು ಬದಲಿಸುವ ರೂಢಿ. ಅದಕ್ಕೇ ನಾನು ಮೀಟರ್ ನೋಡುವ ಮೊದಲು ಟೈರು ನೋಡುತ್ತೇನೆ.

ಈಗ ಲೆಕ್ಕಕ್ಕೆ ಬರುತ್ತೇನೆ. ನನ್ನ ಕಣ್ಣಿನಲ್ಲಿರೋದು ಎರಡು ಗಾಡಿ. ಪುಣೆಯ 2017ರ ಡಸ್ಟರ್, ಹೇಳಿದ ಬೆಲೆ 4.75 ಲಕ್ಷ. ಬೀದರಿನ ಕೆಎ 38 ನಂಬರಿನ 2015ರ ಎಕ್ಸ್‌ಯುವಿ500, ಹೇಳಿದ ಬೆಲೆ 5.25. ಮೇಲ್ನೋಟಕ್ಕೆ ಪುಣೆಯದು ಅಗ್ಗ. ಆದರೆ ಎಂಎಚ್ ಗಾಡಿ ಇಲ್ಲಿ ಇಟ್ಟುಕೊಳ್ಳಬೇಕಾದರೆ ಅಲ್ಲಿನ ಆರ್‌ಟಿಒಯಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಅದೂ ನಾನು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಂತೆ ಕಮ್ಮಿ ಮಾಡಿ. ನಮ್ಮ ಆರ್‌ಟಿಒ ಏಜೆಂಟು ಕಾಗದದ ಮೇಲೆ ಕೂಡಿಸಿ ಲಕ್ಷದ ಮೇಲಾಗುತ್ತೆ ಅಂದ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಆದರೆ ಅದು ಹಳೆಯ ಮಾಲೀಕನ ಕೈಗೆ ಬರುವ ದುಡ್ಡು, ಅದನ್ನು ಬೆಲೆಯಲ್ಲೇ ಮುರಿದುಕೊಳ್ಳದಿದ್ದರೆ ನನಗೆ ಸಿಗಲ್ಲ. ಅಲ್ಲಿಗೆ ಡಸ್ಟರು ಎಕ್ಸ್‌ಯುವಿಗಿಂತ ದುಬಾರಿ ಆಯ್ತು.

ದಿಲ್ಲಿ ಗಾಡಿಗಳ ಆಸೆ ತೋರಿಸುವವರೂ ಇದ್ದಾರೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದಾಗಿನಿಂದ ಅಗ್ಗಕ್ಕೆ ಸಾಲುಗಟ್ಟಿ ದಕ್ಷಿಣಕ್ಕೆ ಬರುತ್ತಿವೆ. ಫೋಟೋದಲ್ಲಿ ಹೊಳೆಯುತ್ತವೆ. ಸಾಗಣೆ, ಎನ್‌ಒಸಿ, ತೆರಿಗೆ ಕೂಡಿಸಿದರೆ ಹೊಳಪು ಇಳಿಯುತ್ತದೆ.

ಭಾವ ಮಾತ್ರ ಒಂದೇ ಹಾಡು ಹಾಡುತ್ತಾನೆ. "ಹಳೆಯ ಫಾರ್ಚುನರ್ ತಗೋ ಮಾರಾಯ, ಮಿಲ್ ಗೇಟಿನ ಮುಂದ ನಿಂತ್ರ ಒಂದ್ ಕಿಮ್ಮತ್ತಿರ್ತದ." 2009ರಲ್ಲಿ ಬಂದ ಮೊದಲ ಫಾರ್ಚುನರ್ 3.0 ಡೀಸೆಲ್, ಸದಾ ನಾಲ್ಕು ಗಾಲಿಯದ್ದು, ಆಗ 18.45 ಲಕ್ಷ. ಒಳ್ಳೆಯ ಗಾಡಿ, ಸಾಯೋದೇ ಇಲ್ಲ. ಅದಕ್ಕೇ ಅದರ ರೇಟೂ ಸಾಯಲ್ಲ. ಮೇಲಾಗಿ ಫಾರ್ಚುನರ್‌ನಲ್ಲಿ ಹೋದರೆ ಮಿಲ್ ಮಾಲೀಕರು ರಿಪೇರಿ ಬಿಲ್ಲಿನಲ್ಲಿ ಚೌಕಾಸಿ ಜಾಸ್ತಿ ಮಾಡುತ್ತಾರೆ. ಮರೀನಾದಲ್ಲಿ ಹೋದರೆ ಚಹಾ ಕೊಟ್ಟು ಪೂರ್ತಿ ದುಡ್ಡು ಎಣಿಸುತ್ತಾರೆ.

ಬೀದರಿನ ಎಕ್ಸ್‌ಯುವಿಯನ್ನು ಲಿಫ್ಟಿಗೆ ಹಾಕಿಸಿ ನೋಡಿದೆ. ಹಿಂದಿನ ಡಿಫರೆನ್ಷಿಯಲ್ ಸೀಲಿನ ಸುತ್ತ ಎಣ್ಣೆ ಜಿನುಗಿ ದೂಳು ಹಿಡಿದಿದೆ, ಟೈರುಗಳು ಮೂರು ಒಂದು ಜಾತಿ, ಒಂದು ಬೇರೆ ಜಾತಿ. ಪುಣೆಯ ಡಸ್ಟರಿನ ಅಡಿ ಒಣಗಿದೆ, ನಾಲ್ಕೂ ಟೈರು ಒಂದೇ ಜೋಡಿ, ಬೆಲ್ಟು ಬದಲಿಸಿದ ಬಿಲ್ಲಿದೆ, ಗುಂಡಿ ಲಾಕ್‌ಗೆ ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ತಡೆದು ತಡೆದು ಹೋಗುತ್ತದೆ. ಅಂದರೆ ಕಪ್ಲಿಂಗ್ ಹಿಡಿಯುತ್ತಿದೆ ಅಂತ ಅರ್ಥ. ತೆರಿಗೆ ಕಟ್ಟಿದರೂ ನನಗೆ ಡಸ್ಟರೇ ವಾಸಿ. ಎಕ್ಸ್‌ಯುವಿಯ ಸೀಲು, ಟೈರು, ಒಳಗೆ ಇನ್ನೇನಿದೆಯೋ ಅದು, ಎಲ್ಲಾ ಸೇರಿದರೆ ತೆರಿಗೆಯಷ್ಟು ದುಡ್ಡು ಅಲ್ಲೂ ಹೋಗುತ್ತದೆ. ಹೊಲಕ್ಕೂ ಹಗುರ ಗಾಡಿಯೇ ಬೇಕು.

ಪುಣೆಯವರಿಗೆ 4.10 ಹೇಳಿದ್ದೇನೆ, ತೆರಿಗೆ ವಾಪಸ್ ಬಂದರೆ ಅದು ಅವರೇ ಇಟ್ಟುಕೊಳ್ಳಲಿ ಅಂತಲೂ ಹೇಳಿದ್ದೇನೆ. ಅವರು 4.50ಕ್ಕೆ ಬಂದು ನಿಂತಿದ್ದಾರೆ. ರಾಶಿ ಶುರುವಾದರೆ ಮಿಲ್ಲುಗಳಿಂದ ಫೋನ್ ಮೇಲೆ ಫೋನ್, ಪುಣೆಗೆ ಹೋಗಿ ಬರೋಕೆ ಪುರುಸೊತ್ತಿರಲ್ಲ. ಅಷ್ಟರೊಳಗೆ ಅವರು 4.25ಕ್ಕೆ ಇಳಿದರೆ ತಗೊಂಡು ಬರುತ್ತೇನೆ. ಇಲ್ಲದಿದ್ದರೆ ಈ ಹಂಗಾಮು ಮರೀನಾದಲ್ಲೇ, ಅದಕ್ಕೆ ಹೊಸ ಕ್ಲಚ್ ಪ್ಲೇಟಂತೂ ಹೇಗೂ ಹಾಕಿಸಬೇಕು.